ಲೆಕ್ಕಕ್ಕಿಲ್ಲದ ತಿಂಗಳು

ಬೆಟಗೇರಿ
2 ಏಪ್ರಿಲ್ 2023

ಮಗಳು ಶಾಂಭವಿಗೆ ಅವ್ವ ಬನಶಂಕರೆವ್ವನ ಆಶೀರ್ವಾದ. ಅಳಿಯಂದಿರಿಗೂ ನನ್ನ ಪ್ರಿಯಾಗೂ ಸೇರಿಸಿಯೇ ಕಳಿಸಿದ್ದೇನೆ, ಹಂಚಿಕೊಳ್ಳಿರಿ.

ಫೋನಿನಲ್ಲಿ ನಿನಗೆ ಪುರುಸೊತ್ತಿಲ್ಲ, ನನಗೆ ಮಾತು ನೆಟ್ಟಗೆ ಬರುವುದಿಲ್ಲ. "ಡ್ಯೂಟಿಗೆ ಹೊತ್ತಾತು ಅವ್ವಾ, ಆಮ್ಯಾಲೆ ಮಾಡ್ತೇನಿ" ಎಂದು ಇಟ್ಟುಬಿಡುತ್ತೀ. ಆ ಆಮೇಲೆ ಎಂಬುದು ನಿನ್ನ ದೋಹಾ ಊರಿನಲ್ಲಿ ಎಂದೂ ಬರುವುದಿಲ್ಲ. ಅದಕ್ಕೆ ಏಳನೆಯ ಇಯತ್ತೆ ಕಲಿತದ್ದನ್ನು ಈಗ ಉಪಯೋಗಕ್ಕೆ ತಂದಿದ್ದೇನೆ. ನಾನು ಹಾಳೆಯ ಮೇಲೆ ಬರೆಯುತ್ತೇನೆ, ನಿನ್ನ ತಮ್ಮ ಅಜಯ ಪ್ರೆಸ್ಸಿನ ಕೆಲಸಕ್ಕೆ ಹೋಗುವ ಮುಂಚೆ ಫೋಟೋ ತೆಗೆದು ಕಳಿಸುತ್ತಾನೆ. ನೀನೂ ಹಾಗೇ ಬರೆ. ನರ್ಸಮ್ಮನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆದರೂ ಚಿಂತೆಯಿಲ್ಲ.

ಯುಗಾದಿ ಅಮಾವಾಸ್ಯೆಯ ದಿನ ಬಂದು ಮುಟ್ಟಿದೆ. ಸ್ಟೇಷನ್ನಿಗೆ ನಿಮ್ಮಪ್ಪ ಬಂದಿದ್ದರು. ಬಂದವರು ನನ್ನ ಚೀಲ ಬಿಟ್ಟು ಪಕ್ಕದಲ್ಲಿ ನಿಂತ ಹೆಂಗಸಿನ ಚೀಲಕ್ಕೆ ಕೈ ಹಾಕಿದರು. ಆಕೆ ಬಾಯಿ ಮಾಡಿದಳು. "ಎರಡ ವರ್ಷಕ್ಕ ಹೇಂತೀನ ಮರತಬಿಟ್ರೇನ್ರಿ?" ಎಂದು ನಾನು ನಕ್ಕೆ. ಅವರೂ ನಕ್ಕರು.

ಮನೆಯಲ್ಲಿ ಮಗ್ಗದ ಮೇಲೆ ಹಳೆಯ ಸೀರೆ ಹೊದಿಸಿಟ್ಟಿದ್ದರು. ಸರಿಸಿ ನೋಡಿದರೆ, ನಾನು ನಿನ್ನಲ್ಲಿಗೆ ಬರುವಾಗ ಮುಗಿದ ಹಾಸಿನ ಉದ್ದೆಳೆಗಳ ತುದಿ ಹಣಿಗೆಯ ಹಲ್ಲುಗಳಲ್ಲಿ ಹಾಗೇ ಇದೆ. ನೀನು ಈ ಮನೆಯಲ್ಲೇ ಬೆಳೆದವಳು, ನಿನಗೆ ಗೊತ್ತು. ಆ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೆಚ್ಚಬೇಕು, ಆಗ ಮಗ್ಗ ಮುಂದೆ ನಡೆಯುತ್ತದೆ. ತುದಿ ಕತ್ತರಿಸಿಹೋದರೆ ಎಲ್ಲ ಮೊದಲಿಂದ. "ಎರಡ ವರ್ಷ ಹಿಂಗ ಬಿಟ್ಟೀರಲ್ಲ, ಯಾರನರ ಕರಸಿ ಕೆಚ್ಚಸಬೇಕಿಲ್ಲ?" ಎಂದರೆ, "ಮೂವತ್ತ ವರ್ಷ ನೀ ಕೆಚ್ಚಿದ ಮಗ್ಗ. ಮತ್ತೊಬ್ರ ಕೈ ಯಾಕ?" ಎಂದರು. ಅಷ್ಟು ದಿನ ಬೇರೆಯವರ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಾ ಕುಳಿತಿದ್ದರಂತೆ. ನೇಕಾರ ನಾರಾಯಣಪ್ಪ ಅಂದರೆ ಬೆಟಗೇರಿಯಲ್ಲಿ ಒಂದು ಹೆಸರಿತ್ತು. ನನಗೆ ಬಹಳ ಕೆಟ್ಟದೆನಿಸಿತು.

ವಿಮಾನ ನಿಲ್ದಾಣದಲ್ಲಿ ನೀನು ಹೇಳಿದ್ದು ನೆನಪಿದೆ. "ಆರ ತಿಂಗಳಕಿಂತ ಹೆಚ್ಚು ಹೊರಗಿದ್ರ ನಿನ್ನ ಇಲ್ಲಿರೂ ಪರ್ಮಿಟ್ ಸಾಯ್ತೈತಿ, ಮತ್ತ ಹುಟ್ಟಸಾಕ ಬರೂದಿಲ್ಲ." ನಾನೇನು ಅಷ್ಟು ದಿನ ಇರಲು ಬಂದವಳಲ್ಲ. ಎರಡು ತಿಂಗಳು, ಅಷ್ಟೇ. ಪ್ರಿಯಾಗೆ ಅಜ್ಜಿ ಬರುತ್ತಾಳೆ ಎಂದು ಹೇಳು.

ಇಂತಿ ನಿನ್ನ ಅವ್ವ

*

ದೋಹಾ
18 ಮೇ 2023

ಅವ್ವಾ,

ನಿನ್ನ ಪತ್ರವನ್ನು ಆಸ್ಪತ್ರೆಯ ಬಸ್ಸಿನಲ್ಲಿ ಓದಿದೆ. ಪಕ್ಕದ ಸಿಸ್ಟರ್ ಯಾಕೆ ನಗುತ್ತೀ ಎಂದಳು. ಅಪ್ಪ ಬೇರೆಯವಳ ಚೀಲ ಎತ್ತಿದ್ದನ್ನು ಅವಳಿಗೆ ಹೇಳಿದೆ.

ಎರಡು ತಿಂಗಳು ನಾಡಿದ್ದಿಗೆ ಮುಗಿಯುತ್ತದೆ. ಯಾವಾಗ ಬರುತ್ತೀ? ನಿನ್ನ ಅಳಿಯ ಗವಿಸಿದ್ದೇಶ ಮರುಭೂಮಿಯ ಕ್ಯಾಂಪಿಗೆ ಹೋದರೆ ಐದು ವಾರ ಮನೆ ಕಾಣುವುದಿಲ್ಲ. ನನ್ನದು ಹನ್ನೆರಡು ತಾಸಿನ ಡ್ಯೂಟಿ. ಪ್ರಿಯಾಳನ್ನು ಕೆಳಗಿನ ಮನೆಯ ಕೇರಳದವರ ಹತ್ತಿರ ಬಿಡುತ್ತಿದ್ದೇನೆ. ಅವರು ಒಳ್ಳೆಯವರೇ, ಆದರೆ ಅವರಿಗೆ ಇವಳ ಮಾತು ತಿಳಿಯುವುದಿಲ್ಲ. ಮೊನ್ನೆ ಊಟದ ತಾಟಿನ ಮುಂದೆ "ಅಜ್ಜಿ ಕೈಲೆ ಉಣ್ತೇನಿ" ಎಂದು ಒಂದು ತಾಸು ಕುಳಿತಿತ್ತಂತೆ.

ನಿನ್ನನ್ನು ಅವಸರ ಮಾಡಲು ಬರೆಯುತ್ತಿಲ್ಲ. ಆದರೂ ಅವಸರವಿದೆ. ನಿನ್ನ ಪರವಾನಗಿಗೆ ಹದಿನಾಲ್ಕು ತಿಂಗಳು ಕಾದಿದ್ದೆವು. ಅದು ಒಮ್ಮೆ ಹೋದರೆ ನನ್ನ ಈಗಿನ ಸಂಬಳಕ್ಕೆ ಮತ್ತೆ ಕೊಡುವುದಿಲ್ಲ ಎಂದು ನಮ್ಮ ಕಚೇರಿಯವರು ಹೇಳಿದ್ದಾರೆ. ನೀನಿಲ್ಲದೆ ನಾನು ಈ ನೌಕರಿ ಮಾಡಲಾರೆ ಅವ್ವಾ. ಇದನ್ನು ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ.

ನಿನ್ನ ಶಾಂಭವಿ

*

ಬೆಟಗೇರಿ
20 ಜುಲೈ 2023

ಶಾಂಭವಿಗೆ ಆಶೀರ್ವಾದ.

ನಿನ್ನ ಪತ್ರಕ್ಕೆ ಉತ್ತರ ತಡವಾಯಿತು. ಬರಬೇಕೆಂದು ಎರಡು ಸಲ ಚೀಲ ಕಟ್ಟಿದೆ, ಎರಡು ಸಲ ಬಿಚ್ಚಿದೆ.

ನಿಮ್ಮಪ್ಪನಿಗೆ ಒಂದು ಹಾಸು ನೇಯಬೇಕೆಂಬ ಹಟ. ಒಂದೇ ಒಂದು. ನೂಲಿಗೆ ಬಣ್ಣ ಹಾಕಿಸಿ, ಹಾಸು ಮಾಡಿಸಿ ತರುವ ಹೊತ್ತಿಗೆ ಆಷಾಢ ಮುಗಿಯಿತು. ಮೊನ್ನೆಯಿಂದ ಅಧಿಕ ಮಾಸ ಹಿಡಿದಿದೆ. ಅಧಿಕ ಮಾಸದಲ್ಲಿ ನಮ್ಮ ಮನೆಯಲ್ಲಿ ಹೊಸ ಹಾಸು ಏರಿಸುವುದಿಲ್ಲ, ನಿನ್ನ ಅಜ್ಜನ ಕಾಲದಿಂದ ಬಂದದ್ದು. ಮದುವೆ ಇಲ್ಲ, ಮುಂಜಿ ಇಲ್ಲ, ಆ ತಿಂಗಳು ಯಾವುದರ ಲೆಕ್ಕಕ್ಕೂ ಇಲ್ಲ. ಹಾಸಿನ ಉಂಡೆ ಮೂಲೆಯಲ್ಲಿ ಕುಳಿತಿದೆ, ನಿಮ್ಮಪ್ಪ ಅದರ ಎದುರಿಗೆ ಕುಳಿತಿದ್ದಾರೆ. ಇಬ್ಬರಲ್ಲಿ ಯಾರು ಜಾಸ್ತಿ ಬಿಗಿದುಕೊಂಡಿದ್ದಾರೆ ಹೇಳಲಾರೆ.

ಮಗಳನ್ನೂ ಅಳಿಯನನ್ನೂ ಕರೆದು ಮೂವತ್ಮೂರು ಹೋಳಿಗೆ ಕೊಡುವ ತಿಂಗಳಿದು. ನೀವು ಅಲ್ಲಿದ್ದೀರಿ. ಹೀಗಾಗಿ ಮೊನ್ನೆ ಲಕ್ಷ್ಮೇಶ್ವರಕ್ಕೆ ಹೋಗಿ, ನಿಮ್ಮ ದೋಹಾದಲ್ಲಿ ಗಾಡಿ ಓಡಿಸುವ ಮಾಶಾಕನ ತಾಯಿ ಹಸೀನಾಬಿಯ ಹತ್ತಿರ ಹೋಳಿಗೆ, ಶೇಂಗಾ ಚಟ್ನಿ, ಪ್ರಿಯಾಗೆ ಒಂದು ಸಣ್ಣ ಇಳಕಲ್ ಲಂಗ ಕೊಟ್ಟು ಬಂದಿದ್ದೇನೆ. ಅವರ ಅಳಿಯ ಅಲ್ಲಿಗೆ ಬರುವಾಗ ತರುತ್ತಾನೆ. ಹೋಳಿಗೆ ಎಣಿಸಬೇಡ. ಮೂವತ್ಮೂರೇ ಇದ್ದವು, ಹಸೀನಾಬಿಯ ಮೊಮ್ಮಗಳು ಅಲ್ಮಾಸಬಿಗೆ ಎರಡು ಕೊಟ್ಟೆ.

ಶ್ರಾವಣ ಮುಗಿಸಿ ಬರುತ್ತೇನೆ.

ಇಂತಿ ನಿನ್ನ ಅವ್ವ

*

ದೋಹಾ
11 ಆಗಸ್ಟ್ 2023

ಅವ್ವಾ,

ಹೋಳಿಗೆ ಮುಟ್ಟಿದವು. ಪ್ರಿಯಾ ಲಂಗ ತೊಟ್ಟು ಮೂರು ದಿನ ಬಿಚ್ಚಲಿಲ್ಲ.

ಟಿಕೆಟ್ ತೆಗೆಸಿದ್ದೇನೆ. ಸೆಪ್ಟೆಂಬರ್ 12, ಬೆಂಗಳೂರಿನಿಂದ. ಅಜಯ ಹಿಂದಿನ ದಿನ ರೈಲಿನಲ್ಲಿ ಕರೆದುಕೊಂಡು ಬರುತ್ತಾನೆ, ಅವನಿಗೆ ಹೇಳಿದ್ದೇನೆ. ನೀನು ಇಲ್ಲಿಂದ ಹೊರಬಿದ್ದದ್ದು ಮಾರ್ಚ್ 20. ನೂರಾ ಎಂಬತ್ತು ದಿನಕ್ಕೆ ಸೆಪ್ಟೆಂಬರ್ 16. ನಾಲ್ಕು ದಿನ ಕೈಯಲ್ಲಿ ಇಟ್ಟುಕೊಂಡೇ ತೆಗೆಸಿದ್ದೇನೆ. ಈ ತಾರೀಕನ್ನು ಗೋಡೆಯ ಮೇಲೆ ಬರೆದುಕೋ.

ಕೇರಳದವರು ತಿಂಗಳ ಕೊನೆಗೆ ಊರಿಗೆ ಹೋಗುತ್ತಾರೆ. ಹತ್ತು ಹನ್ನೆರಡು ದಿನ ಹೇಗೋ ರಜೆ ಹಾಕಿ ದಾಟಿಸುತ್ತೇನೆ. ಆಮೇಲೆ ನೀನಿರುತ್ತೀ.

ಶಾಂಭವಿ

*

ಬೆಟಗೇರಿ
10 ಸೆಪ್ಟೆಂಬರ್ 2023

ಶಾಂಭವಿಗೆ ಆಶೀರ್ವಾದ.

ಸಿಟ್ಟಾಗಬೇಡ. ಹನ್ನೆರಡನೆಯ ತಾರೀಕಿನ ಟಿಕೆಟ್ ಬೇಡ, ಮುಂದೆ ಹಾಕಿಸು. ಹಾಸು ಏರಿಸಿ ಕೆಚ್ಚಿ ಇನ್ನೂ ಎರಡು ವಾರ ಆಗಿಲ್ಲ. ಆ ಹಾಸಿನ ಎರಡನೆಯ ಸೀರೆ ಅರ್ಧಕ್ಕೆ ನಿಂತಿದೆ.

ಆರು ತಿಂಗಳಿಗೆ ಇನ್ನೂ ಹೊತ್ತಿದೆ. ನಾನು ಬಂದದ್ದು ಯುಗಾದಿ ಅಮಾವಾಸ್ಯೆಗೆ. ಅಲ್ಲಿಂದ ನಾಲ್ಕು ಅಮಾವಾಸ್ಯೆ ಆದವು. ನಡುವೆ ಅಧಿಕ ಮಾಸ, ಅದು ಲೆಕ್ಕಕ್ಕಿಲ್ಲ. ಈಗ ಬರುವ ಬೆನಕನ ಅಮಾವಾಸ್ಯೆ ಐದನೆಯದು. ಆರನೆಯದು ಮಹಾನವಮಿ ಅಮಾವಾಸ್ಯೆ, ಅಂದರೆ ಅಕ್ಟೋಬರ್ ಹದಿನಾಲ್ಕು. ನಿಮ್ಮಪ್ಪನಿಗೂ ಹೀಗೇ ಲೆಕ್ಕ ಹೇಳಿದ್ದೇನೆ. ಅದರ ಮುಂಚೆ ಬಂದುಬಿಡುತ್ತೇನೆ.

ಅವ್ವ

*

ದೋಹಾ
11 ಸೆಪ್ಟೆಂಬರ್ 2023

ಅವ್ವಾ, ಇಲ್ಲಿಯ ಸರಕಾರಕ್ಕೆ ಅಧಿಕ ಮಾಸ ಗೊತ್ತಿಲ್ಲ! ಅಮಾವಾಸ್ಯೆ ಗೊತ್ತಿಲ್ಲ! ಅವರ ಕಂಪ್ಯೂಟರ್ ದಿನ ಎಣಿಸುತ್ತದೆ. ಹದಿನಾರಕ್ಕೆ ಮುಗಿಯಿತು ಅಂದರೆ ಮುಗಿಯಿತು. ಕೈ ಮುಗಿಯುತ್ತೇನೆ, ಇವತ್ತಿನ ರೈಲು ಹತ್ತು. ಇವತ್ತು ಆಗದಿದ್ದರೆ ನಾಳೆ. ಹದಿನೈದರ ಟಿಕೆಟ್ ಬೇಕಾದರೂ ತೆಗೆಸುತ್ತೇನೆ. ಸೀರೆ ಅಪ್ಪ ಒಬ್ಬರೇ ಮುಗಿಸಲಿ. ಅಜಯನ ಫೋನಿಗೆ ಒಂಬತ್ತು ಸಲ ಮಾಡಿದೆ. ನಿನ್ನನ್ನು ಕರೆದರೆ ಸ್ನಾನಕ್ಕೆ ಹೋಗಿದ್ದಾಳೆ ಅನ್ನುತ್ತಾನೆ. ಒಂಬತ್ತು ಸಲವೂ ಸ್ನಾನವೇ?

ಶಾಂಭವಿ

*

ದೋಹಾ
24 ಸೆಪ್ಟೆಂಬರ್ 2023

ಅವ್ವಾ,

ನಿನ್ನ ಪರವಾನಗಿ ಸತ್ತಿತು. ಇವತ್ತು ಕಚೇರಿಗೆ ಹೋಗಿ ಕೇಳಿಕೊಂಡೆ. ಕೌಂಟರಿನ ಹೆಣ್ಣುಮಗಳು ಎರಡು ಸಲ ಪರದೆ ನೋಡಿದಳು, ತಲೆ ಅಲ್ಲಾಡಿಸಿದಳು. ಹೊರಗೆ ಬಂದು ಅತ್ತೆ.

ಇನ್ನೊಂದು ಸಂಗತಿ ಹೇಳುತ್ತೇನೆ, ಓದಿಕೋ. ಕಳೆದ ಮಂಗಳವಾರ ಒಬ್ಬಳು ಕೆಲಸದಾಕೆ ಪ್ರಿಯಾಳನ್ನು ನೋಡಿಕೊಳ್ಳುತ್ತೇನೆಂದು ಬಂದಿದ್ದಳು. ಮಧ್ಯಾಹ್ನ ಮಗುವನ್ನು ಮಲಗಿಸಿ, ಹೊರಗಿನಿಂದ ಬೀಗ ಹಾಕಿಕೊಂಡು ಎಲ್ಲಿಗೋ ಹೋದಳು. ಎರಡು ತಾಸು. ನಾನು ಬಂದಾಗ ಪ್ರಿಯಾ ಬಾಗಿಲಿಗೆ ಒರಗಿ ಕುಳಿತಿದ್ದಳು. ಅಳುತ್ತಿರಲಿಲ್ಲ. ಅಳುವುದು ಮುಗಿದಿತ್ತು. ನಾಲ್ಕು ವರ್ಷದ ಕೂಸು ಅವ್ವಾ.

ನಿನಗೆ ಲೆಕ್ಕ ತಪ್ಪಿತೇ? ಮೂರು ಸಾವಿರ ಎಳೆಯಲ್ಲಿ ಒಂದು ಎಳೆ ಬಿಟ್ಟುಹೋದರೆ ಬೆರಳಿನಲ್ಲೇ ಹಿಡಿಯುವವಳು ನೀನು. ಚಿಕ್ಕಂದಿನಲ್ಲಿ ನಾನು ಒಂದು ಕಂಡಿಕೆ ಕದ್ದು ಗೊಂಬೆ ಮಾಡಿದರೆ ಬುಟ್ಟಿ ನೋಡಿಯೇ ಹೇಳುತ್ತಿದ್ದೆ. ನಿನಗೆ ಆರು ತಿಂಗಳು ಎಣಿಸಲು ಬರಲಿಲ್ಲ ಎಂದರೆ ನಾನು ಹೇಗೆ ನಂಬಲಿ? ನಂಬದಿದ್ದರೆ ಮತ್ತೇನು ತಿಳಿಯಲಿ?

ಉತ್ತರ ಬರೆಯಬೇಡ.

ಶಾಂಭವಿ

*

ಬೆಟಗೇರಿ
ಮಹಾನವಮಿ ಅಮಾವಾಸ್ಯೆ, 14 ಅಕ್ಟೋಬರ್ 2023

ಶಾಂಭವಿಗೆ,

ಬರೆಯಬೇಡ ಎಂದರೂ ಬರೆಯುತ್ತಿದ್ದೇನೆ. ಇದನ್ನು ಅಜಯನಿಂದ ಫೋಟೋ ತೆಗೆಸಿಲ್ಲ. ಲಕೋಟೆಗೆ ಅಂಟು ಹಚ್ಚಿ, ರಜೆಗೆ ಬಂದ ಮಾಶಾಕನ ಕೈಯಲ್ಲಿ ಕೊಡುತ್ತಿದ್ದೇನೆ. ಒಬ್ಬಳೇ ಓದು.

ಲೆಕ್ಕ ತಪ್ಪಿರಲಿಲ್ಲ. ನನಗೆ ಗೊತ್ತಿತ್ತು.

ಜುಲೈನಲ್ಲಿ ಹೋಳಿಗೆ ಕೊಡಲು ಹೋದಾಗಲೇ ಹಸೀನಾಬಿ ಹೇಳಿದ್ದಳು. "ಅಮಾಸಿ ಹುಣ್ಣಿಮಿ ನಂಬಿ ಕುಂದರಬ್ಯಾಡವಾ ಬನಶಂಕರೆವ್ವ, ಅವರು ಇಂಗ್ಲಿಷ್ ತಾರೀಖ ನೋಡ್ತಾರ. ನಮ್ಮ ಮಾಶಾಕಂದು ಒಮ್ಮೆ ಹಂಗ ಹೋಗಿತ್ತು, ಮತ್ತ ಸಿಗಾಕ ಮೂರ ವರ್ಷ ಹಿಡೀತು." ಆಮೇಲೆ ನಿನ್ನ ತಾರೀಕೂ ಬಂತು. ಅದನ್ನು ಗೋಡೆಯ ಮೇಲೆ ಬರೆಯಲಿಲ್ಲ. ಮನಸ್ಸಿನಲ್ಲಿ ಬರೆದುಕೊಂಡೆ. ದಿನಾ ಎಣಿಸಿದೆ. ಹದಿನಾರನೆಯ ತಾರೀಕಿನ ದಿನ ಕಟ್ಟೆಯ ಮೇಲೆ ಕುಳಿತು ಹೊತ್ತು ಮುಳುಗುವುದನ್ನು ನೋಡಿ ಒಳಗೆ ಬಂದೆ. ಅಧಿಕ ಮಾಸದ ಮಾತು ನನಗೊಂದು ಮರೆಯಾಯಿತು, ಅದರ ಹಿಂದೆ ನಿಂತೆ.

ನಿಮ್ಮಪ್ಪನ ಕಣ್ಣು ಹೋಗುತ್ತಿವೆ. ಪೊರೆಯಲ್ಲ, ತೆಗೆಸಿದರೆ ಹೋಗುವುದಲ್ಲ. ಒಳಗಿನ ನರ ಸಾಯುತ್ತಿದೆ ಎಂದು ಗದಗಿನ ಡಾಕ್ಟರು ಹೇಳಿದರು. ಹೋದದ್ದು ಬರುವುದಿಲ್ಲ, ಇರುವುದು ಒಂದು ವರ್ಷವೋ ಎರಡೋ. ಸ್ಟೇಷನ್ನಿನಲ್ಲಿ ಬೇರೆಯವಳ ಚೀಲ ಹಿಡಿದದ್ದು ತಮಾಷೆಯಲ್ಲ ಮಗಳೇ. ಅವರಿಗೆ ನಾನು ಕಂಡಿರಲಿಲ್ಲ. ನಾನು ಇಲ್ಲದ ಎರಡು ವರ್ಷದಲ್ಲಿ ಅದು ಶುರುವಾಗಿ ಬೆಳೆದಿದೆ. ನಿನಗೆ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡರು. "ಆಕಿ ಅಲ್ಲಿ ಒಬ್ಬಾಕಿ ಒದ್ದಾಡಾಕತ್ತಾಳ. ನೀ ಹೋಗು. ನಂದೇನೈತಿ" ಎಂದರು. ಒಂದು ಹಾಸು ನೇಯುವಷ್ಟು ಬೆಳಕಿದೆ, ನೇಯ್ದು ಕಳಿಸಿಬಿಡುತ್ತೇನೆ ಎಂದರು. ಆಗಸ್ಟ್ ಕೊನೆಗೆ ನಾನು ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಂಡು ನಾಲ್ಕು ದಿನ ಕುಳಿತು ಕೆಚ್ಚಿದೆ. ಅವರು ಎದುರಿಗೆ ಕುಳಿತು ಎಳೆ ಕೊಡುತ್ತಿದ್ದರು, ಕಣ್ಣಿನಿಂದಲ್ಲ, ಬೆರಳಿನಿಂದ. ಆ ನಾಲ್ಕು ದಿನ ನನಗೆ ಹೊಸ ಮದುವೆಯ ಸುಖವಿತ್ತು. ಹೇಳಲು ನಾಚಿಕೆ, ಆದರೂ ಹೇಳಿದೆ.

ಇನ್ನೊಂದು ಮಾತು. ಬೀಗದ ಮಾತು ಬರೆದಿದ್ದೀ, ಅದಕ್ಕೆ ಬರೆಯುತ್ತೇನೆ. ನಿನ್ನಲ್ಲಿಗೆ ಬಂದ ಮೊದಲ ತಿಂಗಳು ನಾನು ಲಿಫ್ಟಿನಲ್ಲಿ ದಾರಿ ತಪ್ಪಿ ಬೇರೆ ಮಹಡಿಗೆ ಹೋದೆ. ಆಮೇಲೆ ನೀನು ಹೊರಗಿನಿಂದ ಬೀಗ ಹಾಕಿಕೊಂಡು ಡ್ಯೂಟಿಗೆ ಹೋಗತೊಡಗಿದೆ. ನಮ್ಮ ಒಳ್ಳೆಯದಕ್ಕೇ ಹಾಕಿದೆ, ಗೊತ್ತು. ಪ್ರಿಯಾ ಮಲಗಿದ ಮೇಲೆ ನಾನೂ ಆ ಬಾಗಿಲಿಗೆ ಒರಗಿ ಕೂರುತ್ತಿದ್ದೆ. ಎರಡು ವರ್ಷದಲ್ಲಿ ಒಮ್ಮೆಯೂ ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ದುಡಿಯುವ ಮಗಳಿಗೆ ಏನು ಹೇಳುವುದು?

ಆದರೆ ನನಗೆ ಒಳ್ಳೆಯದೆನಿಸಿದ್ದನ್ನು ಮಾಡಿ ನಾನು ಗೆದ್ದೆನೆಂದು ತಿಳಿಯಬೇಡ. ನಿನ್ನ ಕಳೆದ ಪತ್ರವನ್ನು ಅಜಯ ಫೋನಿನಲ್ಲಿ ಗಟ್ಟಿಯಾಗಿ ಓದಿದ, ನಿಮ್ಮಪ್ಪ ಕೇಳಿದರು. ಅಧಿಕ ಮಾಸದ ಲೆಕ್ಕ ಸುಳ್ಳೆಂದು ಅವರಿಗೂ ತಿಳಿಯಿತು. ಕಾಲು ಮೇಲೆತ್ತಿ ಮಗ್ಗದ ಕುಣಿಯಿಂದ ಎದ್ದರು. "ನನ್ನ ಕಣ್ಣಿನ ಸಲುವಾಗಿ ಕೂಸಿನ್ನ ಬಾಗಲಾ ಕಾಯಾಕ ಹಚ್ಚಿದೇನ?" ಎಂದರು. ಅಂದಿನಿಂದ ನನ್ನೊಡನೆ ಮಾತಿಲ್ಲ. ಮಗ್ಗಕ್ಕೂ ಇಳಿದಿಲ್ಲ. ಯಾರಿಗಾಗಿ ಉಳಿದೆನೋ ಅವರೇ ಮುಖ ತಿರುಗಿಸಿದ್ದಾರೆ.

ತಪ್ಪು ನನ್ನದು. ಮೊದಲೇ ಬಾಯಿಬಿಟ್ಟು ಬರುವುದಿಲ್ಲ ಎಂದಿದ್ದರೆ ನೀನು ಬೇರೆ ದಾರಿ ನೋಡಿಕೊಳ್ಳುತ್ತಿದ್ದೆ. ಆ ಧೈರ್ಯ ನನಗಿರಲಿಲ್ಲ. ಪ್ರಿಯಾ ಬಾಗಿಲಿಗೆ ಒರಗಿದ್ದು ನನ್ನ ಕಣ್ಣಿನಿಂದ ಹೋಗುತ್ತಿಲ್ಲ.

ಅವ್ವ

*

ದೋಹಾ
8 ನವೆಂಬರ್ 2023

ಅವ್ವಾ,

ನಿನ್ನ ಲಕೋಟೆಯನ್ನು ಹತ್ತು ದಿನ ಬೀರುವಿನಲ್ಲಿ ಇಟ್ಟಿದ್ದೆ. ಓದಿದ ಮೇಲೆ ಮೊದಲು ನನ್ನ ಬಾಗಿಲು ನೋಡಿದೆ. ಎರಡು ವರ್ಷ ಆ ಕೀಲಿ ನನ್ನ ಪರ್ಸಿನಲ್ಲಿತ್ತು. ದಿನಕ್ಕೆ ಎರಡು ಸಲ ತಿರುಗಿಸುತ್ತಿದ್ದೆ. ಕ್ಷಮಿಸು ಎಂದು ಬರೆದರೆ ಸಣ್ಣದಾಗುತ್ತದೆ, ಆದರೂ ಬರೆಯುತ್ತೇನೆ. ಕ್ಷಮಿಸು.

ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಅದೂ ಇದೆ. ಎರಡೂ ಒಟ್ಟಿಗೇ ಇವೆ. ಅಪ್ಪನ ಕಣ್ಣಿನ ಮಾತನ್ನು ನರ್ಸ್ ಆದ ಮಗಳಿಂದ ಮುಚ್ಚಿಟ್ಟಿರಿ. ಅವರ ಕಾಗದಗಳನ್ನೆಲ್ಲ ಅಜಯನಿಂದ ಕಳಿಸಿಕೊಡು, ಇಲ್ಲಿಯ ಡಾಕ್ಟರಿಗೆ ತೋರಿಸುತ್ತೇನೆ.

ನಾನು ನೌಕರಿ ಬಿಡುವ ಹಾಗಿಲ್ಲ. ಇಲ್ಲಿ ಮಗುವನ್ನು ಬಿಡುವ ಜಾಗವೂ ಇಲ್ಲ. ಗವಿಸಿದ್ದೇಶನಿಗೆ ಹಬ್ಬ ಮುಗಿದ ಮೇಲೆ ರಜೆ ಸಿಕ್ಕಿದೆ. ಪ್ರಿಯಾಳನ್ನು ಕರೆದುಕೊಂಡು ಹತ್ತೊಂಬತ್ತಕ್ಕೆ ಬರುತ್ತಾನೆ, ನಿನ್ನ ಹತ್ತಿರ ಬಿಟ್ಟು ಹೋಗುತ್ತಾನೆ. ಬೇಸಿಗೆಗೆ ಅವನಿಗೆ ಪಟ್ಟಣದಲ್ಲಿ ಕೆಲಸ ಸಿಗುವ ಮಾತಿದೆ. ಸಿಕ್ಕರೆ ಇಬ್ಬರೂ ಪಾಳಿ ಹಾಕಿಕೊಂಡು ಅವಳನ್ನು ನೋಡಿಕೊಳ್ಳಬಹುದು.

ಆದರೆ ಅವಳ ಪರವಾನಗಿಗೂ ಅದೇ ನಿಯಮ. ನೂರಾ ಎಂಬತ್ತು ದಿನ. ಅದು ಹೋದರೆ ನನ್ನ ಮಗಳು ನನ್ನ ಹತ್ತಿರ ಮತ್ತೆ ಯಾವಾಗ ಬರುತ್ತಾಳೋ ತಿಳಿಯದು. ನೀನು ಒಮ್ಮೆ ನನಗೆ ಸುಳ್ಳು ಲೆಕ್ಕ ಹೇಳಿದ್ದೀ. ಆದರೂ ನಿನ್ನ ಕೈಯಲ್ಲೇ ಕೊಡುತ್ತಿದ್ದೇನೆ. ನನಗೆ ಬೇರೆ ಅವ್ವ ಇಲ್ಲ.

ಶಾಂಭವಿ

*

ಬೆಟಗೇರಿ
2 ಡಿಸೆಂಬರ್ 2023

ಮಗಳು ಶಾಂಭವಿಗೆ,

ಪ್ರಿಯಾ ಗುಂಡುಗಲ್ಲಿನಂತೆ ಇದ್ದಾಳೆ. ಮೊದಲ ಎರಡು ದಿನ ಬಾಗಿಲು ಮುಚ್ಚಿದರೆ ಕಿರುಚುತ್ತಿದ್ದಳು. ಈಗ ಹಗಲೆಲ್ಲ ತಲೆಬಾಗಿಲು ತೆರೆದೇ ಇಡುತ್ತೇವೆ. ಓಣಿಯ ನಾಯಿ, ಆಡು, ಹುಡುಗಿಯರು ಎಲ್ಲ ಒಳಗೇ ಇರುತ್ತಾರೆ. ನಿಮ್ಮಪ್ಪನ ಕಾಗದಗಳನ್ನು ಅಜಯ ಕಳಿಸಿದ್ದಾನೆ.

ಇವಳು ಬಂದ ಮೂರನೆಯ ದಿನ ನಿಮ್ಮಪ್ಪ ಬಾಯಿಬಿಟ್ಟರು. ನನ್ನೊಡನೆಯಲ್ಲ, ಇವಳೊಡನೆ. "ನಿಮ್ಮಜ್ಜಿಗೆ ಹೇಳು, ಕಂಡಿಕಿ ಮುಗದಾವು" ಎಂದರು. ಇವಳು ನನ್ನ ಹತ್ತಿರ ಬಂದು ಹಾಗೇ ಹೇಳಿದಳು. ನಾನು ಸುತ್ತಿ ಕೊಟ್ಟೆ. ಅಷ್ಟೇ ನಮ್ಮ ರಾಜಿ. ಅರ್ಧಕ್ಕೆ ನಿಂತ ಸೀರೆ ಈಗ ಸೆರಗಿಗೆ ಬಂದಿದೆ. ಅದು ನಿನಗೆ. ಅಂಚಿನಲ್ಲಿ ಎರಡು ಕಡೆ ಎಳೆ ತಪ್ಪಿದೆ, ನಾನು ಬಿಚ್ಚಿಸಲಿಲ್ಲ.

ಈಗ ಲೆಕ್ಕ. ಪ್ರಿಯಾ ಬಂದ ಮರುದಿನವೇ ಹಾಸಿನ ಉಳಿದ ನೂಲಿನಲ್ಲಿ ಒಂದು ಮಾರುದ್ದದ ಎಳೆ ತೆಗೆದು ಮಗ್ಗದ ಕಂಬಕ್ಕೆ ಕಟ್ಟಿದ್ದೇನೆ. ದಿನಾ ಬೆಳಿಗ್ಗೆ ಪ್ರಿಯಾ ಮುಖ ತೊಳೆದ ಮೇಲೆ ಒಂದು ಗಂಟು. ನೂರಾ ಅರವತ್ತನೆಯ ಗಂಟಿಗೆ ಕೆಂಪು ನೂಲು ಸೇರಿಸುತ್ತೇನೆ. ಅಂದು ಏಪ್ರಿಲ್ ಇಪ್ಪತ್ತೇಳು. ಆ ದಿನ ಅವಳ ಚೀಲ ಕಟ್ಟುತ್ತೇನೆ, ಬಿಚ್ಚುವುದಿಲ್ಲ. ಅಳಿಯಂದಿರಿಗೆ ಬರಲಾಗದಿದ್ದರೆ ಮಾಶಾಕನ ಜೊತೆ ಕಳಿಸುತ್ತೇನೆ. ಮಾಶಾಕನೂ ಇರದಿದ್ದರೆ ಬೆಂಗಳೂರಿಗೆ ನಾನೇ ತಂದು ನಿನ್ನ ಕೈಯಲ್ಲಿ ಕೊಡುತ್ತೇನೆ. ಅತ್ತರೂ ಕೊಡುತ್ತೇನೆ. ಅವಳು ಅತ್ತರೂ, ನಾನು ಅತ್ತರೂ.

ನಿನ್ನೆ ಇವಳು ನಿಮ್ಮಪ್ಪನ ಬೆರಳು ಹಿಡಿದು ಗಂಟಿನ ಮೇಲೆ ಆಡಿಸಿ ಎಣಿಸುವುದು ಕಲಿಸುತ್ತಿದ್ದಳು. ಅವರಿಗೆ ಗಂಟು ಕಾಣುವುದಿಲ್ಲ, ಕೈಗೆ ಹತ್ತುತ್ತವೆ. "ಇವು ಎಲ್ಲಾ ಮುಗದ್ರ ನಾ ಅವ್ವನ ಕಡೆ ಹೋಗೂದು ಹೌದಿಲ್ಲ ಅಜ್ಜಾ?" ಎಂದು ಕೇಳಿತು. ಅವರು "ಹೌದವಾ" ಎಂದರು. "ನೀ ಮತ್ತ ಅಜ್ಜಿ?" ಎಂದಿತು. "ನಾವು ಇಲ್ಲೇ ಇರ್ತೇವಿ, ನಮ್ಮ ಗಂಟು ಮುಗದಾವು" ಎಂದು ನಿಮ್ಮಪ್ಪ ನನ್ನ ಕಡೆ ಮುಖ ಮಾಡಿದರು. ನಾನು ಎಲ್ಲಿ ನಿಂತಿದ್ದೆನೋ ಸರಿಯಾಗಿ ಅಲ್ಲಿಗೇ ನೋಡಿದರು.

ಇವತ್ತಿಗೆ ಹದಿಮೂರು ಗಂಟು. ಅಧಿಕ ಮಾಸ ಬರಲಿ, ಗ್ರಹಣ ಬರಲಿ, ಒಂದೂ ಬಿಡುವುದಿಲ್ಲ. ನೀನೂ ಅಲ್ಲಿ ಎಣಿಸುತ್ತಿರು. ಎರಡೂ ಕಡೆ ತಾಳೆಯಾಗಬೇಕು.

ಬಾಗಿಲು ತೆರೆದಿಟ್ಟುಕೊಂಡು,
ನಿನ್ನ ಅವ್ವ